ಬೆರಳ ಕ್ಲಿಪ್ಪಿಗೆ ನಾನು ಜೋಡಿಸಿದ ಟಿವಿ

ಆಸ್ಪತ್ರೆಯ ಮಷಿನ್ ರಿಪೇರಿಗೆ ಹೊಸದಾಗಿ ಸೇರಿದವರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ, "ಕಾಕಾ, ನಿಮ್ಮ ಕಾಲಕ್ಕ ಈ ಮಾನಿಟರ್ ಗೀನಿಟರ್ ಎಲ್ಲಾ ಇದ್ದೂವೇನ್ರಿ?" ಎಂದು ಕೇಳುತ್ತಾರೆ. ಇದ್ದವಪ್ಪಾ, ಇದ್ದವು. ನಿಮ್ಮ ಹಾಗೆ ಕಾಲೇಜಿನಲ್ಲಿ ಕಲಿತು ಬಂದವರು ಇರಲಿಲ್ಲ, ಅಷ್ಟೇ. ನನಗೆ ಯಾವಾಗ ಪಗಾರ ಏರಿತು, ಯಾವಾಗ ಬಾಗಿಲಿಗೆ ನನ್ನ ಹೆಸರಿನ ಬೋರ್ಡು ಬಂತು ಎಂದು ಬರೆಯಲು ನಾನು ಕೂತಿಲ್ಲ. ಅದನ್ನು ಓದಿ ನಿಮಗೇನೂ ಆಗಬೇಕಾಗಿಲ್ಲ. ನಾನು ಮಾಡಿದ ತಪ್ಪು ಬರೆಯುತ್ತೇನೆ. ಅದನ್ನು ಓದಿದರೆ ಉಪಯೋಗವಾದೀತು.

ಹಳೆ ಬಾಗಲಕೋಟೆಯ ಬಜಾರದಲ್ಲಿ ನನ್ನದೊಂದು ರೇಡಿಯೋ, ಟಿವಿ ರಿಪೇರಿ ಅಂಗಡಿ ಇತ್ತು. ಅಣೆಕಟ್ಟಿನ ಹಿನ್ನೀರಿನ ಮುಳುಗಡೆಯಲ್ಲಿ ಅದು ಹೋಯಿತು. ನವನಗರಕ್ಕೆ ಬಂದು, ಮುಂದೇನು ಎಂದು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಒಂದು ಖಾಸಗಿ ಆಸ್ಪತ್ರೆಯ ದೊಡ್ಡ ಡಾಕ್ಟರು ಕರೆ ಕಳಿಸಿದರು. ಅವರಲ್ಲಿ ಎದೆಬಡಿತ ತೋರಿಸುವ ಮಾನಿಟರ್ ಒಂದು ಸತ್ತು ಬಿದ್ದಿತ್ತು. ಕಂಪನಿಯವರು ಪುಣೆಯಿಂದ ಬರಲು ಹದಿನೈದು ದಿನ ಬೇಕು ಅಂದಿದ್ದರಂತೆ. ನಾನು ಬಿಚ್ಚಿ ನೋಡಿದೆ. ಒಂದು ಕಡೆ ಬೆಸುಗೆ ಬಿಟ್ಟಿತ್ತು, ಅಷ್ಟೇ. ಹಚ್ಚಿ ಕೊಟ್ಟೆ. ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಖಾದರ, ನಾಳಿಂದ ಇಲ್ಲೇ ಬಂದ್ಬಿಡು" ಅಂದರು. ಹೀಗೆ ನಾನು ಆಸ್ಪತ್ರೆಯವನಾದೆ.

ಟಿವಿ ರಿಪೇರಿಯವನಿಗೆ ಡಬ್ಬಿಯೊಳಗಿನ ಲೋಕವೇ ಲೋಕ. ಒಮ್ಮೆ ಇಸಿಜಿ ಮಷಿನ್ ಕಾಗದದ ಮೇಲೆ ಗೆರೆಯನ್ನು ನಡುಗಿಸಿ ನಡುಗಿಸಿ ಬರೆಯುತ್ತಿತ್ತು. ಅರ್ಧ ದಿನ ಅದನ್ನು ಬಿಚ್ಚಿ ಹರವಿಕೊಂಡು ಕೂತೆ. ಟ್ಯೂಬ್‌ಲೈಟ್ ಆರಿಸಿದೆ, ಫ್ಯಾನ್ ನಿಲ್ಲಿಸಿದೆ, ವೈರು ಬದಲಿಸಿದೆ. ಏನು ಮಾಡಿದರೂ ನಡುಕ ಹೋಗದು. ಆಗ ಶಾಂತಾ ಸಿಸ್ಟರ್ ಒಂದು ಕಂಬಳಿ ತಂದು ರೋಗಿಗೆ ಹೊದಿಸಿದರು. ಐದು ನಿಮಿಷಕ್ಕೆ ಗೆರೆಯ ನಡುಕ ನಿಂತಿತು. ಮುದುಕ ಚಳಿಗೆ ನಡುಗುತ್ತಿದ್ದ!

"ಖಾದರಣ್ಣ, ಮಷಿನ್ ಬಿಚ್ಚೂಕ್ಕಿಂತ ಮೊದಲ ಮನಿಷ್ಯಾನ್ನ ನೋಡ್ಬೇಕ್ರಿ" ಅಂದರು ಸಿಸ್ಟರ್. ವಾರ್ಡೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕೆನೇ ಹೊರತು ಕಲಿಯಲಿಲ್ಲ.

ಶಾಂತಾ ಸಿಸ್ಟರ್ ಬಾದಾಮಿ ಕಡೆಯವರು, ವಾರ್ಡಿಗೆ ಹಿರಿಯ ನರ್ಸು. ಬಾಯಿ ಜೋರು, ಕೈ ಮೆತ್ತಗೆ. ಡಾಕ್ಟರಿಗೆ ಅಂಜದೆ ಮಾತಾಡುವವರು ಇಡೀ ಆಸ್ಪತ್ರೆಯಲ್ಲಿ ಅವರೊಬ್ಬರೇ ಇದ್ದರು.

ಎರಡು ಸಾವಿರ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ದೊಡ್ಡ ಡಾಕ್ಟರು ಯಾವುದೋ ದೊಡ್ಡ ಊರಿಗೆ ಹೋಗಿ ಬಂದವರು ಹೊಸದೊಂದು ಹುಚ್ಚು ಹಚ್ಚಿಕೊಂಡು ಬಂದರು. ಹಾಸಿಗೆಗೊಂದು ಸಣ್ಣ ಬಣ್ಣದ ಟಿವಿ. ಅದರ ಕೆಳಗೊಂದು ಪೆಟ್ಟಿಗೆ. ಪೆಟ್ಟಿಗೆಯಿಂದ ಬಂದ ವೈರಿನ ತುದಿಗೆ ಬಟ್ಟೆ ಒಣಹಾಕುವ ಚಿಮಟದಂಥ ಒಂದು ಕ್ಲಿಪ್ಪು. ರೋಗಿಯ ಬೆರಳಿಗೆ ಅದನ್ನು ಸಿಗಿಸಿದರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ನಾಡಿ ಎಷ್ಟು ಹೊಡೆಯುತ್ತಿದೆ ಎಂದು ಟಿವಿಯ ಕೆಳಗಿನ ಪಟ್ಟಿಯಲ್ಲಿ ಬರುತ್ತಿತ್ತು. ಮೇಲೆ ಸಿನಿಮಾ, ಕ್ರಿಕೆಟ್, ಭಜನೆ. ಕೆಳಗೆ ರೋಗಿಯ ಜೀವ. ಅದೇ ಅಂಕಿ ನರ್ಸುಗಳ ಕೋಣೆಯ ಪರದೆಯ ಮೇಲೂ ಬರುತ್ತಿತ್ತು. ಒಂದು ಚಾನಲ್ ನಮ್ಮದೇ. ಅದರಲ್ಲಿ ನಾನು ಸಿಡಿ ಹಾಕಿ ತತ್ವಪದ ಹಚ್ಚುತ್ತಿದ್ದೆ.

ಜನ ಬಂದು ಬಂದು ನೋಡಿದರು. ಹುನಗುಂದ ಕಡೆಯ ಒಬ್ಬ ರೋಗಿಯ ಗೆಳೆಯರು ಹಾಸಿಗೆ ಸುತ್ತ ನಿಂತು, "ಲೇ, ತೊಂಬತ್ತೆಂಟಕ್ಕ ಬಂದು ನಿಂತೀದಿ, ಔಟಾಗಬ್ಯಾಡಲೇ, ಸೆಂಚುರಿ ಹೊಡಿ!" ಎಂದು ಕಾಡಿಸುತ್ತಿದ್ದರು. ಪಾಪ, ಅವನು ಉಸಿರು ಬಿಗಿಹಿಡಿದು ನೂರಕ್ಕೆ ಏರಿಸಲು ನೋಡುತ್ತಿದ್ದ. ಶಾಂತಾ ಸಿಸ್ಟರ್ ಬಂದು ಎಲ್ಲರನ್ನೂ ಹೊರಗೆ ಅಟ್ಟಿದರು.

ತೊಂದರೆ ಇದ್ದದ್ದು ಕ್ಲಿಪ್ಪಿನದು. ಜನ ಅದನ್ನು ಬೆರಳಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ರೊಟ್ಟಿ ಮುರಿಯಲು ತೆಗೆಯುವರು, ಮೈ ಕೆರೆಯಲು ತೆಗೆಯುವರು, ಬೆರಳು ನೋಯುತ್ತದೆಂದು ತೆಗೆಯುವರು. ತೆಗೆದ ಕೂಡಲೇ ನರ್ಸುಗಳ ಕೋಣೆಯಲ್ಲಿ ಗಂಟೆ ಕೂಗುತ್ತಿತ್ತು. ದಿನಕ್ಕೆ ನೂರು ಸಲ ಕೂಗಿದರೆ ಯಾರು ಓಡುತ್ತಾರೆ? ಡಾಕ್ಟರು ನನ್ನ ಮೇಲೆ ಹರಿಹಾಯ್ದರು. "ಇಷ್ಟು ರೊಕ್ಕ ಸುರುವಿ ತಂದದ್ದು ಗೋಡಿಗೆ ನೇತುಹಾಕಾಕೇನು? ಏನರ ಮಾಡು!"

ಏನರ ಮಾಡಿದೆ. ಪೆಟ್ಟಿಗೆಯಲ್ಲಿ ಗಂಟೆ ಹೊಡೆಸುವ ಒಂದು ಸ್ವಿಚ್ಚಿತ್ತು. ಅಲ್ಲಿಂದ ವೈರೊಂದನ್ನು ಎಳೆದು ಟಿವಿಗೆ ಜೋಡಿಸಿದೆ. ಕ್ಲಿಪ್ಪು ಬೆರಳಲ್ಲಿ ಇರುವ ತನಕ ಟಿವಿ ನಡೆಯುತ್ತದೆ. ಬೆರಳು ಬಿಟ್ಟಿತೋ, ಸಿನಿಮಾ ಬಂದ್. ಕೆಳಗಿನ ಅಂಕಿಯೂ ಬಂದ್. ಕಂಪನಿಯವರಿಗೂ ಹೊಳೆಯದ ಯುಕ್ತಿ ನನಗೆ ಹೊಳೆಯಿತೆಂದು ನಾನು ಉಬ್ಬಿಹೋದೆ. ಒಂದೇ ವಾರದಲ್ಲಿ ಗಂಟೆಯ ಕೂಗು ಹೆಚ್ಚುಕಡಿಮೆ ನಿಂತೇ ಹೋಯಿತು. ಡಾಕ್ಟರು ಎಲ್ಲರೆದುರು ಬೆನ್ನು ಚಪ್ಪರಿಸಿ, "ಭಾಳ ಶಾಣ್ಯಾ ಅದಿ ಬಿಡಪಾ" ಅಂದರು. ಗಂಟೆ ಯಾಕೆ ನಿಂತಿತು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹುಡುಗರೇ, ಮಷಿನ್ ತಟ್ಟನೆ ಸುಮ್ಮನಾದರೆ ಖುಷಿಪಡಬೇಡಿ. ಮೊದಲು ಎದ್ದು ಹೋಗಿ ನೋಡಿ.

ನನಗೆ ಒಂದು ಸೂಚನೆ ಸಿಕ್ಕಿತ್ತು, ಸಿಕ್ಕಿರಲಿಲ್ಲ ಅಂತಲ್ಲ. ಒಂದು ದಿನ ನಾಲ್ಕನೇ ಹಾಸಿಗೆಯ ಹತ್ತಿರ ಹೋದಾಗ ಹಾಸಿಗೆ ಖಾಲಿ ಇತ್ತು. ಟಿವಿಯಲ್ಲಿ ಕ್ರಿಕೆಟ್ ನಡೆದಿತ್ತು. ಕೆಳಗೆ ನಾಡಿ ಎಂಬತ್ತು! ನೋಡಿದರೆ ರೋಗಿಯ ತಮ್ಮ ಸ್ಟೂಲಿನ ಮೇಲೆ ಕೂತು ಕ್ಲಿಪ್ಪನ್ನು ತನ್ನ ಬೆರಳಿಗೆ ಹಾಕಿಕೊಂಡಿದ್ದ. "ಅಣ್ಣ ಸಂಡಾಸಕ್ಕ ಹೋಗ್ಯಾನ್ರಿ, ಕಡೀ ಓವರ್ ಐತಿ" ಅಂದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಚಹಾದಂಗಡಿಯಲ್ಲಿ ನಿಂತು, ನಮ್ಮ ಆಸ್ಪತ್ರೆಯಲ್ಲಿ ಖಾಲಿ ಹಾಸಿಗೆಗೂ ನಾಡಿ ಐತಿ ನೋಡ್ರಿ ಎಂದು ನಾಲ್ಕು ಜನರಿಗೆ ಹೇಳಿ ಅವರನ್ನೂ ನಗಿಸಿದೆ. ಅವತ್ತೇ ವೈರು ಕತ್ತರಿಸಬೇಕಿತ್ತು. ಕತ್ತರಿಸಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಇಳಕಲ್ಲಿನಿಂದ ಸಂಗಪ್ಪ ಎಂಬ ನೇಕಾರರು ದಾಖಲಾದರು. ಐವತ್ತರ ಆಚೀಚಿನ ವಯಸ್ಸು, ಪುಪ್ಪುಸದಲ್ಲಿ ನಂಜು, ಜ್ವರ, ಏದುಸಿರು. ಜೊತೆಗೆ ಹೆಂಡತಿ ನೀಲವ್ವ. ಇಬ್ಬರೂ ಮಗ್ಗದವರು. ಅವರ ಮನೆಯಲ್ಲಿ ಸೀರೆ ಮಗ್ಗದ ಮೇಲಿದ್ದಾಗ ಒಬ್ಬರು ದಣಿದು ಎದ್ದರೆ ಇನ್ನೊಬ್ಬರು ಕೂಡುತ್ತಿದ್ದರಂತೆ. ಇದು ನನಗೆ ಆಮೇಲೆ ತಿಳಿದದ್ದು.

ಮೊದಲ ದಿನ ನಾನೇ ಹೋಗಿ ಕ್ಲಿಪ್ಪು ಸಿಗಿಸಿದೆ. ಸಂಗಪ್ಪನವರು ತತ್ವಪದ ಕೇಳುತ್ತ ಕಣ್ಣರಳಿಸಿದರು. ನೀಲವ್ವ ಕೇಳಿದಳು, "ಅಣ್ಣಾರ, ಇದನ್ನ ಎಷ್ಟೊತ್ತು ಹಾಕ್ಕೊಂಡಿರಬೇಕ್ರಿ?"

"ಬಿಚ್ಚಲೇಬಾರ್ದು ತಂಗಿ. ಬಿಚ್ಚಿದ್ರ ಮಷಿನ್ ನಿಂತುಬಿಡ್ತೈತಿ."

"ನಿಂತ್ರ ಇವರಿಗೆ ತ್ರಾಸ ಆಗ್ತೈತೇನ್ರಿ?"

ನಾನು ಆಗಲೇ ಪಕ್ಕದ ಹಾಸಿಗೆಗೆ ಹೊರಟಿದ್ದೆ. ತಿರುಗಿ ನೋಡದೆ, "ನಿಲ್ಲಸಬ್ಯಾಡ್ರಿ ಅಂದ್ರ ನಿಲ್ಲಸಬ್ಯಾಡ್ರಿ" ಅಂದೆ. ಈ ಕ್ಲಿಪ್ಪು ಔಷಧ ಕೊಡುವುದಿಲ್ಲ, ಉಸಿರು ಕೊಡುವುದಿಲ್ಲ, ಬರೀ ನೋಡಿ ಹೇಳುತ್ತದೆ ಎಂದು ನಾಲ್ಕು ಮಾತು ಬಿಡಿಸಿ ಹೇಳಲು ನನಗೆ ಪುರಸೊತ್ತು ಇರಲಿಲ್ಲ. ಪುರಸೊತ್ತು ಇತ್ತು, ತಾಳ್ಮೆ ಇರಲಿಲ್ಲ. ಆಗ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಮೂರನೇ ದಿನ ಮಧ್ಯಾಹ್ನ ಸಂಗಪ್ಪನವರಿಗೆ ಬೆರಳು ನೋಯತೊಡಗಿತು. ಕ್ಲಿಪ್ಪು ಕಿತ್ತು ಹಾಕಿದರು. ಟಿವಿ ನಿಂತಿತು. ಮಷಿನ್ ನಿಲ್ಲಬಾರದು ಎಂದು ನಾನು ಹೇಳಿದ್ದೆನಲ್ಲ? ನೀಲವ್ವ ಅದನ್ನು ತನ್ನ ಎಡಗೈ ಬೆರಳಿಗೆ ಹಾಕಿಕೊಂಡಳು. ಟಿವಿ ಮತ್ತೆ ಹಾಡಿತು. ಗಂಡ ಕಣ್ಣು ಮುಚ್ಚಿದ. ಆರಾಮಾಗಿ ನಿದ್ದೆ ಹತ್ತಿತು ಅಂದುಕೊಂಡು ಆಕೆ ದಿಂಬಿನ ಪಕ್ಕದಲ್ಲೇ ಕೂತಳು. ನರ್ಸುಗಳ ಕೋಣೆಯ ಪರದೆಯಲ್ಲಿ ತೊಂಬತ್ತೇಳು. ಅಂದು ಅಪಘಾತದ ರೋಗಿಗಳು ಬಂದಿದ್ದರು. ಶಾಂತಾ ಸಿಸ್ಟರ್ ನಡುನಡುವೆ ಪರದೆ ನೋಡಿ, ಸಂಗಪ್ಪ ಚಲೋ ಅದಾನ ಎಂದು ಕೆಲಸಕ್ಕೆ ಮರಳಿದರು.

ನಾಲ್ಕು ಗಂಟೆಗೆ ಚಹಾ ಬಂತು. ನೀಲವ್ವ ಗಂಡನನ್ನು ಎಬ್ಬಿಸಿದಳು. ಏಳಲಿಲ್ಲ. ಆಕೆ ಚೀರಿದ್ದು ಕೆಳಗಿನ ನನ್ನ ಕೋಣೆಗೂ ಕೇಳಿಸಿತು. ಹಿಂದೆಯೇ ಸಿಸ್ಟರ್ ಕೂಗು: "ಖಾದರಣ್ಣಾ, ಮಷಿನ್ ಕೆಟ್ಟೈತಿ, ಲಗೂನ ಬರ್ರಿ!"

ಓಡಿದೆ. ಸಂಗಪ್ಪನವರ ತುಟಿ ನೀಲಿಗಟ್ಟಿತ್ತು. ಪರದೆಯಲ್ಲಿ ಮಾತ್ರ ತೊಂಬತ್ತೇಳು, ನಾಡಿ ನೂರಾ ಇಪ್ಪತ್ತು. ಡಾಕ್ಟರು ಬಾಯೊಳಗೆ ನಳಿಗೆ ಇಳಿಸುತ್ತಿದ್ದರು. ನಾನು ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆಯಿಂದ ವೈರು ಹಿಡಿದುಕೊಂಡು ಹೋದೆ. ಅದು ಹಾಸಿಗೆಯ ಪಟ್ಟಿ ದಾಟಿತು, ಗೋಡೆಯ ಕಡೆಗೆ ತಿರುಗಿತು, ಗೋಡೆಗೆ ಒರಗಿ ನಿಂತು ಅಳುತ್ತಿದ್ದ ನೀಲವ್ವನ ಸೆರಗಿನ ಒಳಗೆ ಹೋಯಿತು. ಕ್ಲಿಪ್ಪು ಆಕೆಯ ಬೆರಳಲ್ಲಿತ್ತು. ಯಾ ಅಲ್ಲಾ! ಮಷಿನ್ ಕೆಟ್ಟಿರಲಿಲ್ಲ. ಕೆಟ್ಟವನು ನಾನು.

ಎರಡು ದಿನ ಉಸಿರಿನ ಯಂತ್ರದ ಮೇಲೆ ಇಟ್ಟರು. ಮೂರನೇ ದಿನ ಬೆಳಿಗ್ಗೆ ಸಂಗಪ್ಪನವರು ಹೋದರು.

ದೊಡ್ಡ ಡಾಕ್ಟರು ನನ್ನನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಒಂದು ಕಾಗದ. ರೋಗಿಯ ಹೆಂಡತಿ ಉಪಕರಣವನ್ನು ರೋಗಿಯ ಬೆರಳಿಂದ ತೆಗೆದು ತಾನು ಧರಿಸಿದ್ದರಿಂದ ರೋಗಿಯ ಸ್ಥಿತಿ ಸಿಬ್ಬಂದಿಯ ಗಮನಕ್ಕೆ ಬರಲಿಲ್ಲ, ಇದರಲ್ಲಿ ಆಸ್ಪತ್ರೆಯ ಲೋಪವಿಲ್ಲ ಎಂದು ಅದರಲ್ಲಿ ಬರೆದಿತ್ತು. "ಸಾಕ್ಷಿ ಅಂತ ಸಹಿ ಮಾಡು" ಅಂದರು. ನಮ್ಮ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿತ್ತು, ನಾವು ಆಕೆಯ ಎಲೆಯ ಮೇಲಿನ ನೊಣ ತೋರಿಸುತ್ತಿದ್ದೆವು. ಎಲ್ಲ ಗೊತ್ತಿದ್ದೂ ನಾನು ಸಹಿ ಮಾಡಿದೆ. ಅಂಗಡಿ ಮುಳುಗಿತ್ತು, ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರು, ಈ ವಯಸ್ಸಿಗೆ ಇನ್ಯಾರು ಕೆಲಸ ಕೊಡುತ್ತಾರೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಎಲ್ಲವೂ ಖರೆ. ಆದರೂ ಅಂಜಿ ಮಾಡಿದ ಸಹಿ ಅಂಜಿ ಮಾಡಿದ್ದೇ. ನೀಲವ್ವ, ಹೆಣ ಒಯ್ಯುವ ಕಾಗದ ಅಂದುಕೊಂಡು, ಎಲ್ಲಿ ಬೆರಳಿಟ್ಟು ತೋರಿಸಿದರೋ ಅಲ್ಲಿ ಸಹಿ ಮಾಡಿದಳು. ಒಂದು ಪ್ರತಿ ಫೈಲಿನ ಜೊತೆ ಇಳಕಲ್ಲಿಗೆ ಹೋಯಿತು.

ಅವತ್ತು ಸಂಜೆಯೇ ಎಲ್ಲ ಹಾಸಿಗೆಗಳ ವೈರು ಕತ್ತರಿಸಿದೆ. ಮರುದಿನ ಗಂಟೆ ಮತ್ತೆ ಮೊದಲಿನ ಹಾಗೆ ಕೂಗಿತು. ಯಾರೂ ಬೈಯಲಿಲ್ಲ.

ತಿಂಗಳೆರಡು ತಿಂಗಳಾಗಿರಬೇಕು. ಶಾಂತಾ ಸಿಸ್ಟರ್ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ಇಳಕಲ್ಲಿನ ಪೇಷಂಟ್ ಒಬ್ಬಾಕಿ ಬಂದಾಳ ಖಾದರಣ್ಣ. ಅಲ್ಲಿ ಮಂದಿ ಏನಂತಾರ ಗೊತ್ತೇನ್ರಿ? ಗಂಡ ಸಾಯಾಕತ್ತಿದ್ದ, ನೀಲವ್ವ ಟಿವಿ ನೋಡಾಕ ಅವನ ಕ್ಲಿಪ್ ಕಸ್ಕೊಂಡು ತಾ ಹಾಕ್ಕೊಂಡ್ಳು ಅಂತ. ಭಾವ ಕಾಗದ ಓದ್ಯಾನಂತ. ಆಕಿನ್ನ ಮಗ್ಗದ ಮ್ಯಾಲ ಕೂಡಾಕ ಬಿಡಂಗಿಲ್ಲಂತ. ಮನ್ಯಾಗ ಒಬ್ರೂ ಮಾತಾಡಂಗಿಲ್ಲಂತ."

ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ.

"ಆ ಕಾಗದದಾಗ ನಿಮ್ಮ ಸಹಿ ಐತಿ. ನಾನೂ ಪರದಾ ನೋಡಿದ್ನಿ, ಮನಿಷ್ಯಾನ್ನ ನೋಡ್ಲಿಲ್ಲ. ನನಗೂ ನಿದ್ದಿ ಇಲ್ರಿ. ಆದ್ರ ವೈರ್ ಜೋಡಿಸಿದವ್ರು ನೀವು. ಹೋಗಿ ಹೇಳ್ರಿ."

ಡಾಕ್ಟರ ಬಳಿಗೆ ಹೋದೆ. ಬಯ್ದಾರು, ಕೆಲಸದಿಂದ ತೆಗೆದಾರು ಎಂದು ಗಟ್ಟಿ ಮಾಡಿಕೊಂಡೇ ಹೋದೆ. ಇಳಕಲ್ಲಿಗೆ ಹೋಗಿ ಖರೆ ಹೇಳುತ್ತೇನೆ, ಆ ಕಾಗದ ತಿದ್ದಿ ಕೊಡ್ರಿ ಅಂದೆ. ಅವರು ಕನ್ನಡಕ ಒರೆಸಿದರು. "ಆಸ್ಪತ್ರಿ ಹೆಸರ್ಲೆ ನಾ ಏನೂ ಬರದುಕೊಡಂಗಿಲ್ಲ. ನಿನ್ನ ಹೆಸರ್ಲೆ ನೀ ಏನ್ ಬರೀತಿ ಬರಿ. ತಡಿಯಂಗಿಲ್ಲ" ಅಂದರು. ಆ ಮನುಷ್ಯನನ್ನು ನಾನು ಪೂರ್ತಿ ಒಳ್ಳೆಯವರು ಎನ್ನಲಾರೆ, ಕೆಟ್ಟವರು ಎನ್ನಲೂ ಆರೆ. ಬಾಗಿಲ ತನಕ ಬಂದಾಗ ಹಿಂದಿನಿಂದ, "ಬಸ್ಸಿಗೆ ತಡಾ ಆದೀತು, ಲಗೂ ಹೋಗು" ಅಂದರು.

ಬಸ್ಸು ಹುನಗುಂದದಲ್ಲಿ ನಿಂತಾಗ ಇಳಿದು ವಾಪಸ್ ಹೋಗುವ ಬಸ್ಸು ಹತ್ತಿಬಿಡಲೇ ಅನ್ನಿಸಿತು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೂ ಇದ್ದೆ. ಕಂಡಕ್ಟರ್, "ಇಳಿಯೋದಾದ್ರ ಇಳೀರಿ, ಕೂಡೋದಾದ್ರ ಕೂಡ್ರಿ ಅಜ್ಜಾ" ಅಂದ. ಕೂತೆ.

ಇಳಕಲ್ಲಿನ ಆ ಓಣಿಯಲ್ಲಿ ಮನೆ ಮನೆಯಿಂದಲೂ ಮಗ್ಗದ ಸದ್ದು ಬರುತ್ತಿತ್ತು. ಸಂಗಪ್ಪನವರ ಅಣ್ಣ ಮಾನಪ್ಪ ಪಡಸಾಲೆಯಲ್ಲಿ ಕುಳಿತಿದ್ದರು. ಅಗಲ ಹಣೆ, ಬಿಳಿ ಮೀಸೆ, ಮನೆಗೆ ಹಿರಿಯರು. ನಾನು ಯಾರೆಂದು ಹೇಳಿದೆ. ನೀರು ಕೊಡಿಸಿದರು, ಕೂಡ್ರಿ ಅನ್ನಲಿಲ್ಲ. ಒಳಗಿನ ಕೋಣೆಯ ಬಾಗಿಲಲ್ಲಿ ನೀಲವ್ವ ನಿಂತಿದ್ದಳು. ಎರಡು ತಿಂಗಳಿಗೆ ಹತ್ತು ವರ್ಷ ಏರಿದ್ದವು ಆಕೆಯ ಮುಖಕ್ಕೆ.

"ಮಾನಪ್ಪಾರ, ಆ ಕಾಗದ ಸುಳ್ಳು ಹೇಳ್ತೈತ್ರಿ" ಅಂದೆ.

"ಕ್ಲಿಪ್ ಆಕಿ ಹಾಕ್ಕೊಂಡಿದ್ದು ಸುಳ್ಳೇನು?"

"ಅದು ಖರೆ. ಯಾಕ ಹಾಕ್ಕೊಂಡ್ಳು ಅನ್ನೂದು ಅದರಾಗ ಇಲ್ಲ. ಮಷಿನ್ ನಿಲ್ಲಸಬ್ಯಾಡ್ರಿ ಅಂತ ಆಕಿಗೆ ಹೇಳಿದವ ನಾನು. ಕ್ಲಿಪ್ ತೆಗದ್ರ ಎಲ್ಲಾ ಬಂದ್ ಆಗೂ ಹಂಗ ವೈರ್ ಜೋಡಿಸಿದವ ನಾನು. ಯಾರ ಬೆರಳು ಅನ್ನೂದು ಆ ಮಷಿನ್‌ಗೆ ಗೊತ್ತಾಗಂಗಿಲ್ಲ ಅಂತ ಗೊತ್ತಿದ್ದೂ ಸುಮ್ಮನಿದ್ದವ ನಾನು. ಆಕಿ ಕೇಳಿದ್ಳು, ನಾ ಸರಿಯಾಗಿ ಹೇಳ್ಲಿಲ್ಲ."

ಅದನ್ನೇ ಬರೆದು ನನ್ನ ಸಹಿ ಹಾಕಿ ತಂದಿದ್ದ ಕಾಗದವನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಎರಡು ಸಲ ಓದಿದರು. ಓಣಿಯ ನಾಲ್ಕಾರು ಜನ ಬಾಗಿಲಿಗೆ ಬಂದು ನಿಂತಿದ್ದರು. ಮಾನಪ್ಪ ತಮ್ಮನ ಹೆಂಡತಿಯ ಕಡೆ ತಿರುಗಿ ಮೊದಲ ಸಲ ಕೇಳಿದರು.

"ಯಾಕ ಹಾಕ್ಕೊಂಡೆವ್ವ?"

ನೀಲವ್ವ ನೆಲ ನೋಡುತ್ತ ಹೇಳಿದಳು, "ಅವರಿಗೆ ಬೆರಳು ನೋಯಾಕತ್ತಿತ್ರಿ. ಮಷಿನ್ ನಿಂತ್ರ ಅವರಿಗೆ ತ್ರಾಸ ಆಗ್ತೈತಿ ಅಂತ ತಿಳಿದ್ನಿ. ಅವರು ಮಗ್ಗ ಬಿಟ್ಟು ಎದ್ರ ನಾ ಕೂಡ್ತಿದ್ನೆಲ್ರಿ, ಹಂಗ."

ಮಾನಪ್ಪನವರು ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡು ಹೋ ಎಂದು ಅತ್ತುಬಿಟ್ಟರು. "ನನಗ ಹೇಳಬಾರ್ದಿತ್ತೇನವ್ವಾ" ಅಂದರು. ಯಾರೂ ಕೇಳಿರಲಿಲ್ಲ, ಆಕೆ ಹೇಳಿರಲಿಲ್ಲ. ಬಾಗಿಲಲ್ಲಿ ನಿಂತವರು ಒಬ್ಬೊಬ್ಬರಾಗಿ ಸರಿದು ಹೋದರು. ಆಮೇಲೆ ನನಗೆ ಚಾಪೆ ಹಾಸಿದರು. ಚಹಾ ಕುಡಿಸದೆ ಬಿಡಲಿಲ್ಲ.

ಹೊರಟಾಗ ನೀಲವ್ವ ಕಟ್ಟೆಯ ತನಕ ಬಂದಳು. ನಾನು ಕೈಮುಗಿದೆ. "ತಪ್ಪಾತು ತಂಗಿ. ಹೊಟ್ಟಿಗೆ ಹಾಕ್ಕೊ."

ಆಕೆ ಕ್ಲಿಪ್ಪು ಹಾಕಿಕೊಂಡಿದ್ದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು.

"ಅಣ್ಣಾರ, ಒಂದು ಕೇಳ್ತೇನಿ, ಖರೆ ಹೇಳ್ರಿ. ಮೊದಲ ಎರಡು ದಿನ ಟಿವಿ ಕೆಳಗ ಎಂಬತ್ತೊಂಬತ್ತು, ತೊಂಬತ್ತು ಅಂತ ಬರ್ತಿತ್ತು. ಸಿಸ್ಟರ್‌ಬಾಯಾರು ಅದನ್ನ ನೋಡಿ ಮುಖ ಸಣ್ಣದು ಮಾಡ್ತಿದ್ರು. ಆವತ್ತು ಮಧ್ಯಾಹ್ನ ತೊಂಬತ್ತೇಳು ಬಂತು. ಇವರಿಗೆ ಆರಾಮಾಗಾಕತ್ತೈತಿ ಅಂತ ಬುತ್ತಿ ಬಿಚ್ಚಿ ಎರಡು ತುತ್ತು ಉಂಡ್ನಿ. ಮೂರು ದಿನಕ್ಕ ಅದ ಮೊದಲ ತುತ್ತು. ಆ ತೊಂಬತ್ತೇಳು ನಂದಾಗಿತ್ತೇನ್ರಿ?"

ಸುಳ್ಳು ಹೇಳುವ ಆಸೆ ಗಂಟಲ ತನಕ ಬಂತು. ಆ ಮನೆಗೆ ನಾನು ಆಗಲೇ ಒಂದು ಸುಳ್ಳು ಕಳಿಸಿದ್ದೆ.

"ಹೌದು ತಂಗಿ. ನಿಂದು."

ಆಕೆ ಬೆರಳನ್ನು ಬಿಟ್ಟಳು.

"ಹಂಗಾರ ನನಗ ಏನೂ ಆಗಿಲ್ಲ ಅನ್ನೂದನ್ನ ನೋಡಿ ನಾ ಉಂಡ್ನೆಲ್ರಿ," ಅಂದಳು.